ಹೆಸರು ಸಾಕು, ಒಳಗಿನ ಕಥೆ ಬೇಡ

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಅಮೆರಿಕದಲ್ಲಿರುವ ನನ್ನ ಅಣ್ಣನ ಮಗ ಒಂದು ರಾತ್ರಿ ಫೋನ್ ಮಾಡಿದ. ತಿಂಗಳಿಂದ ನಿದ್ದೆಯಿಲ್ಲ, ಯಾವುದೂ ಬೇಡವೆನಿಸುತ್ತದೆ ಎಂದ. ಡಾಕ್ಟರಿಗೆ ತೋರಿಸಪ್ಪ ಎಂದೆ. “ಕಾಕಾ, ಮನಸ್ಸಿನ ಡಾಕ್ಟರ್ ಕಡೆ ಹೋದ್ರ, ಬಂದೂಕು ಕೊಡಬಾರದವರ ಪಟ್ಟಿಯೊಳಗ ಹೆಸರು ಬರ್ತದಂತ. ನಾಳೆ ನೌಕರಿಗೆ ಅಡ್ಡ ಆದ್ರ?” ಅವನಿಗೇನೂ ಬಂದೂಕು ಬೇಕಿರಲಿಲ್ಲ. ಹೆಸರು ಕೆಡುವ ಭಯ. ಆ ಭಯವನ್ನು ಅವನು ನಮ್ಮ ಮನೆಯಿಂದಲೇ ಕಟ್ಟಿಕೊಂಡು ಹೋಗಿದ್ದ.

ಆ ಪಟ್ಟಿಯ ವಿಷಯ ಓದಿಕೊಂಡೆ. ಅಲ್ಲಿ ಪರವಾನಗಿಯುಳ್ಳ ಅಂಗಡಿಯವರು ಬಂದೂಕು ಮಾರುವ ಮುನ್ನ ಗಿರಾಕಿಯ ಹಿನ್ನೆಲೆ ತಪಾಸಣೆಯಾಗಬೇಕು. ಎಫ್‌ಬಿಐ ನಡೆಸುವ ಈ ವ್ಯವಸ್ಥೆ 1998ರಲ್ಲಿ ಶುರುವಾಯಿತು. 2007ರ ಏಪ್ರಿಲ್ 16ರಂದು ವರ್ಜೀನಿಯಾ ಟೆಕ್‌ನಲ್ಲಿ ಒಬ್ಬ ವಿದ್ಯಾರ್ಥಿ 32 ಜನರನ್ನು ಗುಂಡಿಟ್ಟು ಕೊಂದ. ಇವನಿಂದ ಇವನಿಗೇ ಅಪಾಯವಿದೆ ಎಂದು 2005ರಲ್ಲೇ ನ್ಯಾಯಾಧಿಕಾರಿ ಚಿಕಿತ್ಸೆಗೆ ಆದೇಶಿಸಿದ್ದರು. ಆ ಆದೇಶ ಪಟ್ಟಿಗೆ ಸೇರಲೇ ಇಲ್ಲ. ಎರಡು ಪಿಸ್ತೂಲು ಸಲೀಸಾಗಿ ಸಿಕ್ಕವು. ಯಾವ ಮಾಹಿತಿಯನ್ನೂ ಕೊಡಬಾರದು ಎನ್ನುವವರು ಆ ತಾಯಂದಿರಿಗೆ ಏನು ಹೇಳುತ್ತಾರೋ!

ಆದರೆ ಕೊಡಬೇಕಾದದ್ದು ಎಷ್ಟು? ತಾವಾಗಿಯೇ ಚಿಕಿತ್ಸೆಗೆ ಹೋದವರನ್ನು ಅಲ್ಲಿಯ ಕೇಂದ್ರ ಕಾನೂನು ತಡೆಯುವುದಿಲ್ಲ. ಅಧಿಕಾರವುಳ್ಳವರ ಆದೇಶದಿಂದ ಒತ್ತಾಯವಾಗಿ ಆಸ್ಪತ್ರೆಗೆ ಸೇರಿಸಲ್ಪಟ್ಟಂಥವರ ಹೆಸರಷ್ಟೇ ಪಟ್ಟಿಗೆ. 2016ರ ನಿಯಮ ಗುರುತಿನ ವಿವರ ಕೊಡಲು ಒಪ್ಪಿತು. ರೋಗದ ಹೆಸರು, ಗುಳಿಗೆ, ವೈದ್ಯರೆದುರು ಅತ್ತದ್ದು ಯಾವುದನ್ನೂ ಅಲ್ಲ. ಅಂಗಡಿಯವನಿಗೂ ಮಾರಬಹುದು, ಬಾರದು, ಕಾಯಿರಿ ಎಂಬಷ್ಟೇ ಉತ್ತರ; ಕಾರಣ ಹೇಳುವುದಿಲ್ಲ. ನನಗೆ ಇದು ಸರಿ ಎನಿಸುತ್ತದೆ. ಅದಕ್ಕಿಂತ ಒಂದು ಸಾಲು ಹೆಚ್ಚು ಕೇಳಿದರೂ, ನಮ್ಮ ಹುಡುಗನಂಥವರು ಡಾಕ್ಟರ ಬಾಗಿಲಿಗೇ ಹೋಗುವುದಿಲ್ಲ.

ನಮ್ಮಲ್ಲಿ ಪಟ್ಟಿ ಇಡುವುದು ಓಣಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಗೆ ಗೋಪ್ಯತೆಯ ಹಕ್ಕು ಕೊಟ್ಟಿದೆ. ಆದರೂ “ಧಾರವಾಡಕ್ಕೆ ಕರಕೊಂಡು ಹೋಗಿದ್ರಂತ” ಎಂಬ ಸುದ್ದಿ ನಮಗಿಂತ ಮೊದಲೇ ಬೀಗರ ಮನೆ ಮುಟ್ಟಿರುತ್ತದೆ. ಅದಕ್ಕೆ ಹೆದರಿ ನನ್ನ ತಂಗಿಯ ಕಾಯಿಲೆಯನ್ನು ನಾವು ವರ್ಷಗಟ್ಟಲೆ ಮುಚ್ಚಿಟ್ಟೆವು. ಇಷ್ಟಲಿಂಗವಿದ್ದ ಕೊರಳಿಗೆ ತಾಯಿತ ಕಟ್ಟಿದವನು ನಾನೇ.

ಇದನ್ನೆಲ್ಲ ಹುಡುಗನಿಗೆ ಹೇಳಿದೆ. ಮರುವಾರ ವೈದ್ಯರಲ್ಲಿಗೆ ಹೋದ. ಇಲ್ಲಿ ಮಾತಾಡಲು ಅವನ ಒಪ್ಪಿಗೆ ಕೇಳಿಯೇ ಬಂದಿದ್ದೇನೆ. ಹೆಸರು, ಊರು ಮಾತ್ರ ಹೇಳಬೇಡ್ರಿ ಕಾಕಾ ಎಂದಿದ್ದಾನೆ.