ಮೊದಲ ದಿನದ ಮೌನ ಮುರಿಯುವುದು ಹೇಗೆ?

(ಶಿಕ್ಷಕರ ಕಾರ್ಯಾಗಾರದಲ್ಲಿ ಮಾಡಿದ ಭಾಷಣದ ಬರಹ ರೂಪ)



ನನಗೆ ಕೊಟ್ಟಿರುವ ವಿಷಯ 'ಐಸ್‌ಬ್ರೇಕರ್'. ನಮ್ಮ ಕರಾವಳಿಯಲ್ಲಿ ಐಸ್ ಒಡೆಯುವುದನ್ನು ನಾವು ನೋಡಿರುವುದು ಮೀನಿನ ದಕ್ಕೆಯಲ್ಲಿ. ಆದರೆ ತರಗತಿಯಲ್ಲೂ ಒಂದು ಬಗೆಯ ಮಂಜುಗಡ್ಡೆ ಇರುತ್ತದೆ. ಜೂನ್ ತಿಂಗಳ ಮೊದಲ ವಾರ ಎಂಟನೆಯ ತರಗತಿಗೆ ಹೋಗಿ ನೋಡಿ. ಉರ್ದು ಶಾಲೆಯಿಂದ ಬಂದವರು ಒಂದು ಬೆಂಚಿನಲ್ಲಿ, ಕನ್ನಡ ಶಾಲೆಯವರು ಇನ್ನೊಂದರಲ್ಲಿ. ಮನೆಯಲ್ಲಿ ಬ್ಯಾರಿ ಮಾತಾಡುವವರು ಒಂದು ಕಡೆ, ತುಳು ಮಾತಾಡುವವರು ಮತ್ತೊಂದು ಕಡೆ. ಈ ಮೌನ ಮುರಿಯಲು ನಾವು ಮಾಡಿಸುವ ಸಣ್ಣಪುಟ್ಟ ಆಟ, ಚಟುವಟಿಕೆಗಳಿಗೆ ಈ ಹೆಸರು.

ನನ್ನ ತಪ್ಪನ್ನೇ ಮೊದಲು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಕ್ಕಳನ್ನು ಒಬ್ಬೊಬ್ಬರಾಗಿ ಎಬ್ಬಿಸಿ ಹೆಸರು, ಊರು, ತಂದೆಯ ಕೆಲಸ ಹೇಳಿಸುತ್ತಿದ್ದೆ. 'ತಂದೆ ದುಬೈಯಲ್ಲಿದ್ದಾರೆ', 'ತಂದೆಗೆ ಅಂಗಡಿ ಇದೆ' ಎಂದು ಸಾಗುತ್ತಿತ್ತು. ಒಬ್ಬ ಹುಡುಗ ಊರಿನ ಹೆಸರಿನವರೆಗೆ ಹೇಳಿ ಸುಮ್ಮನಾದ. 'ಹೇಳು ಮಾರಾಯ' ಎಂದು ನಾನೇ ಒತ್ತಾಯಿಸಿದೆ. ಹಿಂದಿನ ಬೆಂಚಿನಿಂದ ಯಾರೋ ಉತ್ತರಿಸಿದರು: 'ಅವನ ತಂದೆ ಅವರನ್ನು ಬಿಟ್ಟು ಹೋಗಿದ್ದಾರೆ ಸಾರ್.' ಆ ವರ್ಷವಿಡೀ ಆ ಹುಡುಗ ನನ್ನ ಪಾಠದಲ್ಲಿ ಬಾಯಿ ಬಿಡಲಿಲ್ಲ.

ಆದ್ದರಿಂದ ಚಟುವಟಿಕೆ ಆರಿಸುವಾಗ 'ಇದಕ್ಕೆ ಉತ್ತರಿಸಲು ಯಾವ ಮಗುವಿಗೆ ಕಷ್ಟವಾದೀತು?' ಎಂದು ನೀವು ಮೊದಲೇ ಯೋಚಿಸಿ. ತಂದೆಯ ಕೆಲಸ, ರಜೆಯಲ್ಲಿ ಹೋದ ಪ್ರವಾಸ, ಪೆರ್ನಾಲಿಗೆ ತಂದ ಬಟ್ಟೆ, ಇವನ್ನೆಲ್ಲ ಕೇಳುವುದು ಬೇಡ. ಹುಡುಗ ಹುಡುಗಿಯರನ್ನು ಕೈಹಿಡಿದು ನಿಲ್ಲಿಸುವ ಆಟವೂ ಬೇಡ. ಮಕ್ಕಳಿಗೆ ಮುಜುಗರ, ಮನೆಯವರಿಗೆ ಅಸಮಾಧಾನ.

ಸುಮ್ಮನೆ ಕುಳಿತ ಮಗುವಿಗೆ ಏನೂ ಗೊತ್ತಿಲ್ಲ ಎಂದು ಭಾವಿಸಬೇಡಿ. ಸಹೀಹ್ ಬುಖಾರಿಯ ಜ್ಞಾನದ ಅಧ್ಯಾಯದಲ್ಲಿರುವ ಒಂದು ಘಟನೆ ನಿಮಗೆ ನೆನಪಿರಬಹುದು. ಪ್ರವಾದಿ(ಸ)ವರು ಅನುಚರರ ಮುಂದೆ ಒಂದು ಒಗಟನ್ನಿಟ್ಟರು: ಎಲೆ ಉದುರದ, ಸತ್ಯವಿಶ್ವಾಸಿಯನ್ನು ಹೋಲುವ ಮರ ಯಾವುದು? ಎಲ್ಲರೂ ಕಾಡುಮರಗಳ ಬಗ್ಗೆ ಯೋಚಿಸಿದರು. ಅಬ್ದುಲ್ಲಾ ಇಬ್ನು ಉಮರ್(ರ)ರಿಗೆ ಅದು ಖರ್ಜೂರದ ಮರವೆಂದು ಹೊಳೆದಿತ್ತು. ಆದರೆ ಅವರು ಕಿರಿಯರು. ಹಿರಿಯರ ಮುಂದೆ ಸಂಕೋಚದಿಂದ ಸುಮ್ಮನಿದ್ದರು. ಆಮೇಲೆ ತಂದೆಗೆ ತಿಳಿಸಿದಾಗ, ನೀನು ಹೇಳಿದ್ದರೆ ನನಗೆ ಎಷ್ಟೋ ಸಂತೋಷವಾಗುತ್ತಿತ್ತು ಎಂದರು ಉಮರ್(ರ). ನೋಡಿ, ಸಭೆಯಲ್ಲಿ ಹೊರಡದ ಮಾತು ಒಬ್ಬರ ಮುಂದೆ ಹೊರಟಿತು.

ಅಮೇರಿಕದ ಶಿಕ್ಷಣತಜ್ಞ ಫ್ರ್ಯಾಂಕ್ ಲೈಮನ್ 1981ರಲ್ಲಿ ಮುಂದಿಟ್ಟ ಕ್ರಮವೂ ಇಂಥದ್ದೇ. ಮಗು ಮೊದಲು ತಾನೇ ಯೋಚಿಸುತ್ತದೆ, ನಂತರ ಪಕ್ಕದ ಮಗುವಿಗೆ ಹೇಳುತ್ತದೆ, ಕೊನೆಗೆ ತರಗತಿಗೆ. ಒಗಟಿನಿಂದಲೇ ಆರಂಭಿಸಬಹುದು. ಬ್ಯಾರಿ, ಉರ್ದು, ತುಳು, ಯಾವ ಭಾಷೆಯದ್ದಾದರೂ ಸರಿ. ಜೊತೆಯವನು ಅದನ್ನು ಕನ್ನಡಕ್ಕೆ ತರಲಿ.

ಇನ್ನೊಂದು ಆಟ ನನಗೆ ಬಹಳ ಪ್ರಯೋಜನಕ್ಕೆ ಬಂದಿದೆ. ಮನೆಯಿಂದ ಶಾಲೆಗೆ ಬರಲು ಹಿಡಿಯುವ ಸಮಯದ ಪ್ರಕಾರ ಮಕ್ಕಳು ಮಾತಾಡದೆ, ಕೈಸನ್ನೆಯಲ್ಲೇ ಸಾಲಾಗಿ ನಿಲ್ಲಬೇಕು. ಹುಡುಗರದ್ದು ಒಂದು ಸಾಲು, ಹುಡುಗಿಯರದ್ದು ಒಂದು. (ಹುಟ್ಟಿದ ದಿನದ ಪ್ರಕಾರ ನಿಲ್ಲಿಸುವವರೂ ಇದ್ದಾರೆ. ಆದರೆ ನಮ್ಮ ದಾಖಲಾತಿ ಪುಸ್ತಕದಲ್ಲಿ ಜೂನ್ 1ರಂದು ಹುಟ್ಟಿದವರು ಎಷ್ಟು ಮಂದಿ ಎಂಬುದು ನಿಮಗೆ ಗೊತ್ತೇ ಇದೆ!) ಭಾಷೆಯ ತೊಡಕಿಲ್ಲ, ಹತ್ತು ನಿಮಿಷದಲ್ಲಿ ತರಗತಿ ತುಂಬ ನಗು. ಸಾಲಿನ ಕೊನೆಯಲ್ಲಿ ನಿಂತವರನ್ನು ನೀವು ಗಮನಿಸಿ. ಎರಡು ಬಸ್ಸು ಬದಲಿಸಿ ಬರುವವರು ಅವರು. ನಾಳೆ ತಡವಾಗಿ ಬಂದರೆ ಬಾಗಿಲಲ್ಲಿ ನಿಲ್ಲಿಸುವ ಮೊದಲು ಈ ಸಾಲು ನೆನಪಾಗಲಿ.

ಪೋಷಕರ ಸಭೆಯಲ್ಲೂ ಇದೇ ಎಚ್ಚರ ಬೇಕು. ಓದು ಬರಹ ತಿಳಿಯದ ತಾಯಂದಿರು ಹಿಂದಿನ ಸಾಲಿನಲ್ಲಿ ಕುಳಿತಿರುತ್ತಾರೆ. ಅವರ ಕೈಗೆ ಹಾಳೆ, ಪೆನ್ನು ಕೊಡಬೇಡಿ. 'ನಿಮ್ಮ ಮಗು ಮನೆಯಲ್ಲಿ ಯಾವ ಕೆಲಸ ಚೆನ್ನಾಗಿ ಮಾಡುತ್ತದೆ?' ಎಂದು ಕೇಳಿ, ಪಕ್ಕದವರಿಗೆ ಹೇಳಲು ಬಿಡಿ. ಒಮ್ಮೆ ಹೀಗೆ ಕೇಳಿದಾಗ, ಗಣಿತದಲ್ಲಿ ಸೊನ್ನೆ ತೆಗೆಯುವ ಹುಡುಗನೊಬ್ಬ ಸಂಜೆ ಮಾವನ ಅಂಗಡಿಯ ಲೆಕ್ಕವನ್ನೆಲ್ಲ ಬಾಯಲ್ಲೇ ಮಾಡುತ್ತಾನೆಂದು ಅವನ ತಾಯಿಯಿಂದ ತಿಳಿಯಿತು.