ಒರೆಸದ ಕರಿಹಲಗೆ



ಒಂದು ತರಗತಿಯನ್ನು ನೆನಪಿಸಿಕೊಳ್ಳಿ. ಪಾಠ ಮುಗಿಸಿದ ಮೇಷ್ಟ್ರು ಕರಿಹಲಗೆ ಒರೆಸದೆ ಹೊರಟುಹೋದರು. ಮುಂದಿನ ಪೀರಿಯಡ್‌ಗೆ ಬಂದ ಮಕ್ಕಳು ಅಲ್ಲಿದ್ದದ್ದನ್ನೆಲ್ಲ ಓದಿಬಿಟ್ಟರು. ಅದು ಬರೀ ಗಣಿತದ ಲೆಕ್ಕವಾದರೆ ಚಿಂತೆಯಿಲ್ಲ. ಯಾರದೋ ವೈದ್ಯಕೀಯ ವರದಿಯೋ, ಬ್ಯಾಂಕಿನ ವಿವರವೋ ಆಗಿದ್ದರೆ? ನಮ್ಮ ಕಂಪ್ಯೂಟರಿನೊಳಗೂ ಇಂತಹ ಕರಿಹಲಗೆಯೊಂದಿದೆ. ಅದರ ಬಗ್ಗೆ ನಾಲ್ಕು ಮಾತು ಹೇಳಲು ಇಚ್ಛಿಸುತ್ತೇನೆ.

ತೆರೆಯ ಮೇಲೆ ಚಿತ್ರ ಮೂಡಿಸುವ ಚಿಪ್‌ಗೆ ಗ್ರಾಫಿಕ್ಸ್ ಪ್ರೊಸೆಸರ್ ಅಥವಾ ಜಿಪಿಯು ಎನ್ನುತ್ತಾರೆ. ಸಾವಿರಾರು ಸಣ್ಣ ಲೆಕ್ಕಗಳನ್ನು ಏಕಕಾಲಕ್ಕೆ ಮಾಡುವ ಶಕ್ತಿ ಅದಕ್ಕಿದೆ. ಹೀಗಾಗಿ ಕೃತಕ ಬುದ್ಧಿಮತ್ತೆಯ ಕೆಲಸವೂ ಇಂದು ಹೆಚ್ಚಾಗಿ ಅದರ ಮೇಲೆಯೇ ನಡೆಯುತ್ತದೆ. ಲೆಕ್ಕದ ನಡುವಿನ ಅಂಕೆಗಳನ್ನು ಇಟ್ಟುಕೊಳ್ಳಲು ಅದಕ್ಕೆ ತನ್ನದೇ ಮೆಮೊರಿ ಇದೆ. ಪ್ರೋಗ್ರಾಂ ಮುಗಿದೊಡನೆ ಆ ಜಾಗ ಖಾಲಿಯೆಂದು ಗುರುತಾಗುತ್ತದೆ. ಆದರೆ ಖಾಲಿಯೆಂದು ಗುರುತಿಸುವುದು ಬೇರೆ, ಒರೆಸುವುದು ಬೇರೆ. ಒರೆಸಲು ಸಮಯ ಬೇಕು. ಆಟ, ಚಿತ್ರಗಳ ವೇಗಕ್ಕೆಂದೇ ರೂಪುಗೊಂಡ ಈ ಚಿಪ್‌ಗಳಲ್ಲಿ ಒರೆಸುವ ಕೆಲಸಕ್ಕೆ ಆದ್ಯತೆ ಸಿಗಲಿಲ್ಲ.

2014ರಲ್ಲೇ ದಕ್ಷಿಣ ಕೊರಿಯಾದ ಸಂಶೋಧಕರು, ಜಿಪಿಯು ಮೆಮೊರಿಯಲ್ಲಿ ಉಳಿದ ಶೇಷದಿಂದ ಒಬ್ಬರು ನೋಡಿದ ವೆಬ್ ಪುಟ ಯಾವುದೆಂದು ಊಹಿಸಬಹುದೆಂದು ತೋರಿಸಿದ್ದರು. ಹತ್ತು ವರ್ಷದ ನಂತರ, 2024ರ ಜನವರಿಯಲ್ಲಿ, ಟ್ರೈಲ್ ಆಫ್ ಬಿಟ್ಸ್ ಎಂಬ ಭದ್ರತಾ ಸಂಸ್ಥೆ ‘ಲೆಫ್ಟ್‌ಓವರ್ ಲೋಕಲ್ಸ್’ ಎಂಬ ದೋಷವನ್ನು ಪ್ರಕಟಿಸಿತು. ಆಪಲ್, ಕ್ವಾಲ್‌ಕಾಮ್, ಎಎಂಡಿ ಮತ್ತು ಇಮ್ಯಾಜಿನೇಷನ್ ಕಂಪನಿಗಳ ಹಲವು ಜಿಪಿಯುಗಳಲ್ಲಿ ಅದು ಕಂಡುಬಂದಿತ್ತು. ಒಬ್ಬರು ತಮ್ಮ ಕಂಪ್ಯೂಟರಿನಲ್ಲೇ ಕೃತಕ ಬುದ್ಧಿಮತ್ತೆಯ ಮಾದರಿಗೆ ಪ್ರಶ್ನೆ ಕೇಳುತ್ತಿರುವಾಗ, ಅದೇ ಯಂತ್ರದಲ್ಲಿ ಓಡುವ ಇನ್ನೊಂದು ಪ್ರೋಗ್ರಾಂ ಆ ಉತ್ತರವನ್ನು ಕದ್ದು ಓದಬಹುದಿತ್ತು. ಎಎಂಡಿಯ ಒಂದು ಕಾರ್ಡಿನಲ್ಲಿ ಪ್ರತಿ ಪ್ರಶ್ನೆಗೆ ಸುಮಾರು 181 ಎಂಬಿ ಮಾಹಿತಿ ಸೋರಿತು. ಕದಿಯುವ ಮೂಲ ಪ್ರೋಗ್ರಾಮಿಗೆ ಹತ್ತು ಸಾಲೂ ಬೇಕಿರಲಿಲ್ಲ. ಮಾತು ಹೊರಗೆ ಹೋಗಬಾರದೆಂದೇ ಸ್ವಂತ ಯಂತ್ರದಲ್ಲಿ ಕೇಳಿದವರ ಪ್ರಶ್ನೆಗೇ ಹೀಗಾಯಿತು ಎಂಬುದನ್ನು ಗಮನಿಸಿ. ಕಂಪನಿಗಳು ತರುವಾಯ ತಿದ್ದುಪಡಿಗಳನ್ನು ತಂದವು. ಆಪಲ್‌ನ ಎಂ3 ಮತ್ತು ಎ17 ಚಿಪ್‌ಗಳಲ್ಲಿ ದೋಷ ಸರಿಯಾಗಿತ್ತು.

ಈ ಶೇಷಕ್ಕೆ ಇನ್ನೊಂದು ಮುಖವೂ ಇದೆ. ಕಳ್ಳನಿಗೆ ಸಿಗುವುದು ತನಿಖಾಧಿಕಾರಿಗೂ ಸಿಗುತ್ತದೆ. ಹಾರ್ಡ್ ಡಿಸ್ಕಿನಲ್ಲಿ ಇಲ್ಲದ ಚಿತ್ರದ ತುಣುಕು ಗ್ರಾಫಿಕ್ಸ್ ಮೆಮೊರಿಯಲ್ಲಿ ಉಳಿದಿರಬಹುದು. ಆದರೆ ವಿದ್ಯುತ್ ಕಡಿತಗೊಂಡರೆ ಅದು ಬೇಗನೆ ಅಳಿದುಹೋಗುತ್ತದೆ. ಆದ್ದರಿಂದ ಯಂತ್ರ ಚಾಲೂ ಇರುವಾಗಲೇ ನಕಲು ಮಾಡಬೇಕು. ನಕಲು ಮಾಡುವ ಪ್ರೋಗ್ರಾಂ ಕೂಡ ಸ್ವಲ್ಪ ಭಾಗವನ್ನು ಅಳಿಸಬಲ್ಲದು. ಅದಕ್ಕಿಂತ ಮುಖ್ಯವಾದುದೆಂದರೆ, ಆ ತುಣುಕಿನ ಮೇಲೆ ತಾರೀಖು ಇರುವುದಿಲ್ಲ, ಬರೆದವರ ಹೆಸರೂ ಇರುವುದಿಲ್ಲ. ಹಲವರು ಬಳಸುವ ಯಂತ್ರದಲ್ಲಿ ಅದು ಯಾರದೆಂದು ಹೇಳುವುದು ಹೇಗೆ? 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಸೆಮಿಕಂಡಕ್ಟರ್ ಮೆಮೊರಿಯನ್ನೂ ಹೆಸರಿಸುತ್ತದೆ. ವಿದ್ಯುನ್ಮಾನ ದಾಖಲೆಯೊಂದಿಗೆ ಪ್ರಮಾಣಪತ್ರ ಬೇಕೆನ್ನುತ್ತದೆ. ಪ್ರಮಾಣಪತ್ರವಿದ್ದರೂ ಒಂದು ತುಣುಕನ್ನೇ ನಂಬಿ ಒಬ್ಬ ಯುವಕನನ್ನು ಅಪರಾಧಿಯೆನ್ನುವುದು ನ್ಯಾಯವಲ್ಲ. ಬೇರೆ ಸಾಕ್ಷ್ಯಗಳೊಂದಿಗೆ ಅದನ್ನು ತಾಳೆ ನೋಡಲೇಬೇಕು. ನಮ್ಮ ವಿದ್ಯಾರ್ಥಿಗಳಲ್ಲಿ ನಾಳೆ ವಕೀಲರಾಗುವವರು ಇದನ್ನು ನೆನಪಿನಲ್ಲಿಡಲಿ.

ಹಾಗಾದರೆ ನಾವು ಮಾಡಬೇಕಾದುದೇನು? ಯಂತ್ರದ ತಂತ್ರಾಂಶವನ್ನು ಕಾಲಕಾಲಕ್ಕೆ ಅಪ್‌ಡೇಟ್ ಮಾಡಿ. ಅಪರಿಚಿತ ಪ್ರೋಗ್ರಾಂಗಳನ್ನು ಹಾಕಿಕೊಳ್ಳಬೇಡಿ. ಲ್ಯಾಬಿನ ಅಥವಾ ಅಂಗಡಿಯ ಕಂಪ್ಯೂಟರಿನಲ್ಲಿ ಖಾಸಗಿ ದಾಖಲೆ ತೆರೆಯಬೇಡಿ. ಕಿಟಕಿ ಮುಚ್ಚಿದ ಮಾತ್ರಕ್ಕೆ ಎಲ್ಲ ಅಳಿಯಿತೆಂದು ತಿಳಿಯಬೇಡಿ. ಕಂಪ್ಯೂಟರ್ ವಿಜ್ಞಾನ ಓದುವವರಿಗೆ ಒಂದು ಮಾತು ಹೆಚ್ಚು: ನೀವು ಬರೆಯುವ ಪ್ರೋಗ್ರಾಂ ಮೆಮೊರಿಯನ್ನು ಬಿಟ್ಟುಕೊಡುವ ಮೊದಲು ಅಲ್ಲಿ ಸೊನ್ನೆ ತುಂಬಲಿ. ಅದರಿಂದ ವೇಗ ತುಸು ಕಡಿಮೆಯಾದೀತು. ಆದರೆ ಇನ್ನೊಬ್ಬರ ಗುಟ್ಟು ನಮ್ಮ ಕೈಯಲ್ಲಿರುವಾಗ ಆ ಕ್ಷಣದ ಲಾಭ ದೊಡ್ಡದಲ್ಲ.

ತರಗತಿ ಬಿಡುವ ಮುನ್ನ ಕರಿಹಲಗೆ ಒರೆಸುವುದನ್ನು ನಮ್ಮ ಮೇಷ್ಟ್ರುಗಳು ಕಲಿಸಿದ್ದಾರೆ. ಆ ಪಾಠ ಯಂತ್ರಕ್ಕೂ ಬೇಕು. ಅದನ್ನು ಕಲಿಸಬೇಕಾದವರು ನೀವು.