ಹಣೆಬರಹವೆಂದು ಮುಚ್ಚಿಡಬೇಡಿ



ನಾನು ವೈದ್ಯನಲ್ಲ. ಸರ್ಕಾರಿ ಸೇವೆಯಲ್ಲಿ ರಸ್ತೆ, ಅಡ್ಡಮೋರಿ, ಸೇತುವೆ ಕಟ್ಟಿಸಿ ನಿವೃತ್ತನಾದ ಇಂಜಿನಿಯರ್. ಆದರೂ ಹರೆಯದವರ ಹಠಾತ್ ಹೃದಯಸಾವಿನ ಬಗ್ಗೆ ಮಾತನಾಡುತ್ತೇನೆಂದು ನಾನೇ ಕೇಳಿಕೊಂಡೆ. ಇಪ್ಪತ್ತೈದು ಮೂವತ್ತರ ಮಗ ನಿಂತಲ್ಲೇ ಕುಸಿದು ತೀರಿಕೊಂಡರೆ ನಾವು ಹೇಳುವ ಮಾತು ಒಂದೇ: "ಅವನ ಹಣೆಯಲ್ಲಿ ಬರೆದದ್ದು ಅಷ್ಟೇ." ಈ ಮಾತು ದುಃಖಕ್ಕೆ ಸಮಾಧಾನ ಕೊಡಬಹುದು. ಆದರೆ ಅದೇ ಮನೆಯಲ್ಲಿ ಬದುಕಿರುವ ತಮ್ಮನಿಗೆ, ತಂಗಿಗೆ ಅದರಿಂದ ಅಪಾಯವಿದೆ.

ನಮ್ಮ ಇಲಾಖೆಯಲ್ಲಿ ಒಂದು ಪದ್ಧತಿಯಿದೆ. ಒಂದು ಮೋರಿ ಕುಸಿದರೆ ಕಾರಣ ಹುಡುಕುತ್ತೇವೆ. ಕುಸಿದದ್ದು ಮತ್ತೆ ಎದ್ದು ನಿಲ್ಲುವುದಿಲ್ಲ, ನಿಜ. ಆದರೆ ಅದೇ ನಕ್ಷೆಯಲ್ಲಿ, ಅದೇ ವರ್ಷ ಕಟ್ಟಿದ ಮೋರಿಗಳು ಆ ರಸ್ತೆಯಲ್ಲಿ ಇನ್ನೂ ಇರುತ್ತವೆ. ಅವುಗಳ ಮೇಲೆ ಶಾಲೆಯ ಬಸ್ಸು ಓಡಾಡುತ್ತಿರುತ್ತದೆ. ಒಡಹುಟ್ಟಿದವರೂ ಒಂದೇ ನಕ್ಷೆಯಿಂದ ಬಂದವರು.

ಹೃದಯವನ್ನು ನಿಮ್ಮ ತೋಟದ ಪಂಪ್‌ಸೆಟ್ಟಿಗೆ ಹೋಲಿಸಿ ನೋಡಿ. ಪೈಪು ಕಟ್ಟಿಕೊಂಡರೆ ಅದು ಹೃದಯಾಘಾತ. ಕರೆಂಟಿನ ಲಯವೇ ಕೆಟ್ಟು ಪಂಪು ನೀರೆತ್ತುವುದನ್ನು ಬಿಟ್ಟರೆ ಅದು ಹೃದಯಸ್ತಂಭನ. ಮೊದಲನೆಯದರಿಂದ ಎರಡನೆಯದು ಬರಬಹುದು. ಆದರೆ ಪೈಪುಗಳೆಲ್ಲ ಸ್ವಚ್ಛವಾಗಿರುವ ಹರೆಯದವರಲ್ಲೂ ನೇರವಾಗಿ ಎರಡನೆಯದೇ ಬರುವುದುಂಟು. ಅಂಥ ಕೆಲವು ದೋಷಗಳು ವಂಶದಲ್ಲಿ ಹರಿಯುತ್ತವೆ. ಹೃದಯದ ಸ್ನಾಯು ದಪ್ಪವಾಗುವ ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ ಸುಮಾರು 500 ಜನರಲ್ಲಿ ಒಬ್ಬರಿಗಿರುತ್ತದೆ. ಇದು ವಂಶವಾಹಿಯಿಂದ ಬಂದಿದ್ದರೆ ಸಾಮಾನ್ಯವಾಗಿ ಪ್ರತಿ ಮಗುವಿಗೂ ಅದು ಇಳಿಯುವ ಸಾಧ್ಯತೆ ಶೇ. 50. ಹೃದಯದ ವಿದ್ಯುತ್ ಲಯ ಕೆಡಿಸುವ ಲಾಂಗ್ ಕ್ಯೂಟಿ ಎಂಬ ಇನ್ನೊಂದು ದೋಷವೂ ವಂಶದಲ್ಲಿ ಬರುತ್ತದೆ. ಇಸಿಜಿ, ಎಕೋ ಪರೀಕ್ಷೆಗಳಲ್ಲಿ ಇವುಗಳ ಸುಳಿವು ಬಹುಮಟ್ಟಿಗೆ ಸಿಗುತ್ತದೆ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡಾಗ ನಾಡೇ ಬೆಚ್ಚಿತು. 2025ರ ಮೇ, ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯಿಂದ ಸಾಲುಸಾಲು ಸಾವಿನ ಸುದ್ದಿ ಬಂತು. ಎರಡು ಸಲವೂ ಜನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದರು. ಹಾಸನದ ಸಾವುಗಳನ್ನು ಪರಿಶೀಲಿಸಲು ಸರ್ಕಾರ ತಜ್ಞರ ಸಮಿತಿ ರಚಿಸಿತು. ನೋಡಿದ 24 ಸಾವುಗಳಲ್ಲಿ ನಾಲ್ಕು ಹೃದಯಕ್ಕೆ ಸಂಬಂಧಿಸಿದವೇ ಅಲ್ಲವೆಂದು ತಿಳಿಯಿತು. ಉಳಿದವುಗಳಲ್ಲೂ ಹಲವನ್ನು "ಹೃದಯದ ಕಾರಣ ಇರಬಹುದು" ಎಂದಷ್ಟೇ ಹೇಳಬೇಕಾಯಿತು. ಅದಾದ ಮೇಲೆ ಸರ್ಕಾರ, ಆಸ್ಪತ್ರೆಯ ಹೊರಗೆ ಆಗುವ ಇಂಥ ಹಠಾತ್ ಸಾವುಗಳನ್ನು ವರದಿ ಮಾಡಬೇಕು, ಮರಣೋತ್ತರ ಪರೀಕ್ಷೆ ಆಗಬೇಕು ಎಂದು ಪ್ರಕಟಿಸಿತು.

ಇಲ್ಲಿಯೇ ನಮ್ಮ ಸಮಾಜದ ಪ್ರಶ್ನೆ ಬರುತ್ತದೆ. "ಹೆಣ ಕೊಯ್ಯಿಸುವುದು ಬೇಡ, ವಿಭೂತಿ ಧರಿಸಿ ಕುಳ್ಳಿರಿಸಿ ಸಮಾಧಿ ಮಾಡಬೇಕು" ಎನ್ನುತ್ತಾರೆ ಹಿರಿಯರು. ಮರಣೋತ್ತರ ಪರೀಕ್ಷೆಯ ನಂತರವೂ ದೇಹವನ್ನು ಹೊಲಿದೇ ಕೊಡುತ್ತಾರೆ. ವಿಭೂತಿಗೂ ಅಡ್ಡಿಯಿಲ್ಲ, ಸಮಾಧಿಗೂ ಅಡ್ಡಿಯಿಲ್ಲ. ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ನಿಶ್ಚಿಂತರಾಗಬೇಡಿ. ವಿದ್ಯುತ್ತಿನ ದೋಷ ನಿಂತ ಹೃದಯದಲ್ಲಿ ಕಾಣುವುದಿಲ್ಲ. ಆಗ ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳು ಹೃದಯತಜ್ಞರ ಬಳಿ ಹೋಗಲೇಬೇಕು.

ಇನ್ನೊಂದು ಮುಚ್ಚುಮರೆ ಮದುವೆಯದು. "ಹುಡುಗಿಗೆ ಬವಳಿ ಬರುತ್ತದೆಂದು ಗೊತ್ತಾದರೆ ಸಂಬಂಧ ತಪ್ಪುತ್ತದೆ" ಎಂದು ಬಾಯಿ ಬಿಡುವುದಿಲ್ಲ. ಓಡುವಾಗ, ಕಬಡ್ಡಿ ಆಡುವಾಗ, ಅಡಿಕೆ ಗೊನೆ ಹೊರುವಾಗ ಎಚ್ಚರ ತಪ್ಪಿ ಬೀಳುವುದು ಗಾಳಿ ಸೋಕಿದ್ದಲ್ಲ, ದೃಷ್ಟಿ ತಾಗಿದ್ದಲ್ಲ. ಅದು ಹೃದಯದ ಎಚ್ಚರಿಕೆ ಇರಬಹುದು. ದುಡಿಯುವಾಗ ಎದೆ ಹಿಡಿದುಕೊಂಡರೆ "ಗ್ಯಾಸ್ಟ್ರಿಕ್" ಎಂದು ಸೋಡಾ ಕುಡಿಸಿ ಮಲಗಿಸಬೇಡಿ. ಬೀಡಿ, ಸಿಗರೇಟು, ಗುಟ್ಕಾ ಹರೆಯದಲ್ಲೇ ರಕ್ತನಾಳ ಕೆಡಿಸುತ್ತವೆ. ಅದಕ್ಕೆ ವಂಶದ ಸಾಕ್ಷಿ ಬೇಕಿಲ್ಲ.

ಕುಸಿದು ಬಿದ್ದವನಿಗೆ ಮೊದಲ ವೈದ್ಯ ಪಕ್ಕದಲ್ಲಿ ನಿಂತವನೇ. ಇಲ್ಲಿಂದ ಶಿವಮೊಗ್ಗಕ್ಕೆ ಐವತ್ತು ಕಿಲೋಮೀಟರ್ ಆಸುಪಾಸು. ಸೊರಬದವರಿಗೆ ಇನ್ನೂ ದೂರ. ರಕ್ತ ಹೋಗದ ಮಿದುಳು ನಾಲ್ಕೈದು ನಿಮಿಷದಲ್ಲೇ ಹಾಳಾಗತೊಡಗುತ್ತದೆ. ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಮೂಸಿಸುವುದು, ಬಾಯಿಗೆ ನೀರು ಹಾಕುವುದು ಬಿಡಿ. ಎಚ್ಚರವಿಲ್ಲ, ಸರಿಯಾದ ಉಸಿರಿಲ್ಲ ಎಂದರೆ ಒಬ್ಬರು 108ಕ್ಕೆ ಕರೆ ಮಾಡಿ. ಇನ್ನೊಬ್ಬರು ಎದೆಯ ನಡುವೆ ಎರಡೂ ಅಂಗೈ ಇಟ್ಟು ಒತ್ತಿ. ದೊಡ್ಡವರಿಗೆ 5ರಿಂದ 6 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಿ. ಬಿಕ್ಕಿದಂತೆ ಆಗೊಮ್ಮೆ ಈಗೊಮ್ಮೆ ಉಸಿರೆಳೆದರೆ ಬದುಕಿದನೆಂದು ನಿಲ್ಲಿಸಬೇಡಿ.

2021ರ ಜೂನ್ 12ರಂದು ಕೋಪನ್‌ಹೇಗನ್ ಮೈದಾನದಲ್ಲಿ ಡೆನ್ಮಾರ್ಕಿನ ಫುಟ್‌ಬಾಲ್ ಆಟಗಾರ ಕ್ರಿಸ್ಟಿಯನ್ ಎರಿಕ್ಸನ್ ಹೃದಯ ನಿಂತು ಬಿದ್ದ. ಅಲ್ಲೇ ಎದೆ ಒತ್ತಿದರು, ಯಂತ್ರದಿಂದ ಶಾಕ್ ಕೊಟ್ಟರು. 29 ವರ್ಷದ ಆತ ಬದುಕಿದ. ಎದೆಯೊಳಗೆ ಪುಟ್ಟ ಯಂತ್ರ ಹಾಕಿಸಿಕೊಂಡು ಮತ್ತೆ ಆಡಿದ. ಅವನ ಹಣೆಯಲ್ಲಿ ಏನು ಬರೆದಿತ್ತೋ ಕಾಣೆ. ಸುತ್ತಲಿದ್ದವರಿಗೆ ಏನು ಮಾಡಬೇಕೆಂದು ಗೊತ್ತಿತ್ತು.

ಪುನೀತ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಹೃದಯಾಘಾತವಾಗಿದ್ದರೆ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡಿದೆ. ನಿಮ್ಮ ಆಸ್ಪತ್ರೆಗೆ ಹೋಗಿ ಅದು ಲಭ್ಯವಿದೆಯೇ ಎಂದು ನಾಳೆಯೇ ವಿಚಾರಿಸಿ. ಎದೆನೋವು ಬಂದ ದಿನ ವಿಚಾರಿಸಲು ಸಮಯವಿರುವುದಿಲ್ಲ.

ಮಠಗಳಲ್ಲಿ ನನ್ನ ಬಿನ್ನಹ ಮೂರು. ಶರಣ ಸಂಗಮದ ದಿನ ಅರ್ಧ ಗಂಟೆ ಎದೆ ಒತ್ತುವ ತರಬೇತಿ ಕೊಡಿಸಿ. ಜಾತ್ರೆಗೆ, ಕ್ರೀಡಾಕೂಟಕ್ಕೆ ಶಾಕ್ ಕೊಡುವ ಯಂತ್ರವೊಂದನ್ನು ದಾಸೋಹದ ಹಣದಿಂದಲೇ ಕೊಳ್ಳಿ. ಸಾವಿನ ಮನೆಗೆ ಹೋದಾಗ ಸಾಂತ್ವನದ ಜೊತೆಗೆ "ಉಳಿದ ಮಕ್ಕಳಿಗೆ ಪರೀಕ್ಷೆ ಮಾಡಿಸಿದಿರಾ?" ಎಂದು ಕೇಳಿ. ನೀವು ಕೇಳಿದರೆ ಯಾರೂ ಬೇಸರಪಡುವುದಿಲ್ಲ.

ಅಲ್ಲಮಪ್ರಭುಗಳ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿ ಎರಡೂ ಇರುವುದು ಈ ಶಿಕಾರಿಪುರ ತಾಲ್ಲೂಕಿನಲ್ಲೇ. ಪ್ರಶ್ನೆ ಕೇಳಲು ಕಲಿಸಿದ ನೆಲವಿದು. ಮಗ ಹೇಗೆ ಸತ್ತ ಎಂದು ಕೇಳುವುದು ಸತ್ತವನಿಗೆ ಅಗೌರವವಲ್ಲ, ಅವನ ಒಡಹುಟ್ಟಿದವರಿಗೆ ನಾವು ಸಲ್ಲಿಸಬೇಕಾದ ಋಣ.